ಕಾರ್ ಆಂಟಿಯ ಆಫೀಸು

ಅವಳ ಬಲಗೈ ಹೆಬ್ಬೆರಳಿನ ಉಗುರಿನಡಿಯಲ್ಲಿ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ಎಷ್ಟು ಉಜ್ಜಿದರೂ ಹೋಗದ ಗ್ರೀಸು ಅದು. ಯುಗಾದಿಯಿರಲಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯಿರಲಿ, ರೇಷ್ಮೆ ಸೀರೆಯುಟ್ಟು ಆ ಕೈಯಿಂದಲೇ ಕೋಸಂಬರಿ ಬಡಿಸುತ್ತಿದ್ದಳು. ಕೆಲವು ಹೆಂಗಸರು ಕಣ್ಣಲ್ಲೇ ಮೂಗು ಮುರಿಯುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಬಾನೆಟ್ಟಿನೊಳಗೆ ಕೈ ಹಾಕುವ ಮುಂಚೆ ಗಾಜಿನ ಬಳೆಗಳನ್ನು ಮೊಣಕೈವರೆಗೆ ಸರಿಸಿ, ಅವು ಜಾರದಂತೆ ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದಳು. ಬಳೆ ತೆಗೆದಿಡಬಾರದೇ ಎಂದು ಕೇಳಿದರೆ, ತೆಗೆದಿಟ್ಟರೆ ಎಲ್ಲಿಟ್ಟೆ ಅನ್ನುವುದು ಮರೆತುಹೋಗುತ್ತದೆ ಎನ್ನುತ್ತಿದ್ದಳು.

ನನ್ನ ಮಕ್ಕಳು ಅವಳಿಗೆ ಕಾರ್ ಆಂಟಿ ಎಂದು ಹೆಸರಿಟ್ಟಿದ್ದರು. ನನಗೆ ಅವಳು ಓರಗೆಯ ಗೆಳತಿ, ಏಕವಚನದ ಗೆಳತಿ. ಆದರೂ ಈಗ ಬರೆಯಲು ಕೂತರೆ ಮಕ್ಕಳಿಟ್ಟ ಹೆಸರೇ ಕೈಗೆ ಬರುತ್ತಿದೆ.

ನಾವು ಆಗ ಡೆಟ್ರಾಯಿಟ್ ಪಕ್ಕದ ಪ್ಲಿಮತ್‌ನಲ್ಲಿದ್ದೆವು. ಒಂದು ವರ್ಷ ಯುಗಾದಿ ಊಟಕ್ಕೆ ಎಲ್ಲರೂ ಸೇರಿದ್ದ ಶಾಲೆಯ ಪಾರ್ಕಿಂಗ್ ಲಾಟಿಗೆ ಕಿತ್ತಳೆ ಬಣ್ಣದ, ಉದ್ದ ಮೂತಿಯ, ಎರಡೇ ಬಾಗಿಲಿನ ಹಳೆಯ ಕಾರೊಂದು ಗುಡುಗುತ್ತಾ ಬಂತು. ಇಲ್ಲಿಯವರು ಇಂಥದ್ದಕ್ಕೆ ಮಸಲ್ ಕಾರ್ ಎನ್ನುತ್ತಾರೆ. ಸಾಧಾರಣ ಮೈಗೆ ರಾಕ್ಷಸನಂಥ ಎಂಜಿನ್ನು. ಒಳಗಿದ್ದ ಅಂಕಲ್‌ಗಳೆಲ್ಲ ಪಾಯಸದ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದರು. ಡ್ರೈವರ್ ಕಡೆಯಿಂದ ಇಳಿದದ್ದು ಇವಳು. ಗಂಡ ಪಕ್ಕದ ಸೀಟಿನಲ್ಲಿ ಬಿಸಿಬೇಳೆಬಾತಿನ ಪಾತ್ರೆಯನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದರು. ಈ ವಯಸ್ಸಾದ ಗಾಡಿ ಯಾಕಮ್ಮಾ ನಿನಗೆ, ಒಳ್ಳೆ ಜಪಾನಿ ಕಾರು ತಗೋಬಾರದಾ ಎಂದು ಒಬ್ಬ ಅಂಕಲ್ ಬುದ್ಧಿ ಹೇಳಿದರು. ಅವಳು ಬಿಡಿಭಾಗದ ಕಂಪನಿಯೊಂದರಲ್ಲಿ ಬ್ರೇಕ್ ಎಂಜಿನಿಯರ್ ಆಗಿದ್ದಳು.

"ವಾರವಿಡೀ ಕಾರು ನಿಲ್ಲಿಸೋದು ಹೇಗೆ ಅಂತ ತಲೆ ಕೆಡಿಸ್ಕೋತೀನಿ ಅಂಕಲ್," ಎಂದಳು. "ಭಾನುವಾರ ಒಂದಿನ ಓಡಿಸ್ಬೇಡ್ವಾ?"

ನಾನು ಅವಳಿಗೆ ಅಂಟಿಕೊಂಡದ್ದು ಆ ಮಾತಿನಿಂದ. ಆಮೇಲಿನ ಎರಡು ಬೇಸಿಗೆ ಅವಳ ಗರಾಜಿನಲ್ಲಿ ನನ್ನದೂ ಒಂದು ಕುರ್ಚಿ ಇರುತ್ತಿತ್ತು. ಎಂಜಿನ್ನು ಎಲ್ಲೋ ಟಕ್ ಟಕ್ ಎಂದರೆ ಅಡುಗೆಮನೆಯಿಂದ ಮಜ್ಜಿಗೆ ಕಡಗೋಲು ತಂದು, ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಒತ್ತಿ, ಡಾಕ್ಟರಂತೆ ಕಣ್ಣುಮುಚ್ಚಿ ನಿಲ್ಲುತ್ತಿದ್ದಳು. ಮೈಸೂರಿನಿಂದ ಬಂದಿದ್ದ ಅತ್ತೆ ಕಡಗೋಲಿಗಾಗಿ ಇಡೀ ಮನೆ ಹುಡುಕಿ, ಕೊನೆಗೆ ಗರಾಜಿನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತುಕೊಳ್ಳುತ್ತಿದ್ದರು. ಬೈಯುತ್ತಿದ್ದರು, ಆದರೆ ತೊಳೆದು ಇವಳಿಗೇ ವಾಪಸು ಕೊಡುತ್ತಿದ್ದರು. ಅತ್ತೆ ಸೊಸೆ ಹೀಗೂ ಇರಬಹುದೇ ಎಂದು ನನಗೆ ಹೊಟ್ಟೆಯುರಿಯೂ ಆಗುತ್ತಿತ್ತು.

ಆಮೇಲೆ ನನ್ನ ಗಂಡನಿಗೆ ಷಿಕಾಗೋ ಕಡೆ ಕೆಲಸವಾಗಿ ನಾವು ಬೋಲಿಂಗ್‌ಬ್ರೂಕ್‌ಗೆ ಬಂದೆವು. ಹಿಂದೆಯೇ ರಿಸೆಷನ್ ಬಂತು. ಎರಡು ಸಾವಿರದ ಎಂಟರ ಆ ಚಳಿಗಾಲ ಡೆಟ್ರಾಯಿಟ್ ಕಡೆಯ ಫೋನ್ ಎಂದರೆ ಎತ್ತಲು ಭಯವಾಗುತ್ತಿತ್ತು. ಇವತ್ತು ಇಂಥವರಿಗೆ ಲೇಆಫ್, ನಾಳೆ ಇನ್ನೊಬ್ಬರಿಗೆ. ಇವಳು ಮಾತ್ರ ಫೋನಿನಲ್ಲಿ ಎಂದಿನಂತೆ ನಗುತ್ತಿದ್ದಳು. ತನ್ನ ಕೆಲಸಕ್ಕೇನೂ ತೊಂದರೆಯಿಲ್ಲ, ಜನ ಕಾರು ಕೊಳ್ಳದಿದ್ದರೂ ಇರುವ ಕಾರಿಗೆ ಬ್ರೇಕ್ ಬೇಕಲ್ಲ ಎನ್ನುತ್ತಿದ್ದಳು. ಅವಳ ಗಂಡ ಷಿಕಾಗೋ ಪಕ್ಕದ ಸ್ಕೋಕಿಯಲ್ಲಿ ಕಾಂಟ್ರಾಕ್ಟ್ ಕೆಲಸ ಹಿಡಿದು ವಾರಕ್ಕೊಮ್ಮೆ ಮನೆಗೆ ಹೋಗಿ ಬರುತ್ತಿದ್ದರು. ಅತ್ತೆ ಆ ಸಲವೂ ಆರು ತಿಂಗಳಿಗೆ ಬಂದಿದ್ದರು. ಚಳಿಗಾಲದ ಕೊನೆಗೆ, ಕಂಪನಿಯವರು ತನ್ನನ್ನು ಷಿಕಾಗೋದ ಕ್ಲೈಂಟ್ ಆಫೀಸಿಗೆ ಹಾಕಿದ್ದಾರೆ ಎಂದು ಹೇಳಿ ಇವಳೂ ಅತ್ತೆಯನ್ನು ಕರೆದುಕೊಂಡು ಸ್ಕೋಕಿಯ ಅಪಾರ್ಟ್‌ಮೆಂಟಿಗೆ ಬಂದಳು. ಕಾರು ಮಾತ್ರ ಅಲ್ಲೇ ಉಳಿಯಿತು. ರಸ್ತೆಗೆ ಉಪ್ಪು ಸುರಿಯುವ ತಿಂಗಳುಗಳಲ್ಲಿ ಹಳೆಯ ಕಾರನ್ನು ಹೊರಗೆ ತೆಗೆದರೆ ತುಕ್ಕು ತಿಂದುಬಿಡುತ್ತದೆ. ಅದಕ್ಕೇ ಪ್ಲಿಮತ್‌ನ ಮುದುಕನೊಬ್ಬನ ಸ್ಟೋರೇಜಿನಲ್ಲಿ ಇಟ್ಟಿದ್ದಳು.

ಏಪ್ರಿಲ್‌ನಲ್ಲಿ ಅವಳು ಫೋನ್ ಮಾಡಿದಳು. ಮುದುಕ ಜಾಗ ಬಿಟ್ಟುಕೊಡುತ್ತಿದ್ದಾನೆ, ಈ ಶನಿವಾರವೇ ಕಾರು ತರಬೇಕು, ನಿನ್ನ ವ್ಯಾನಿನಲ್ಲಿ ಹೋಗೋಣ, ಬರುವಾಗ ನೀನು ನನ್ನ ಹಿಂದೆ ಬಾ ಎಂದಳು. ಗಂಡನನ್ನು ಯಾಕೆ ಕರೆದುಕೊಂಡು ಹೋಗುವುದಿಲ್ಲ ಎಂದು ನಾನು ಕೇಳಲಿಲ್ಲ. ಮಕ್ಕಳಿಂದ ಒಂದು ದಿನ ತಪ್ಪಿಸಿಕೊಳ್ಳುವ ಆಸೆ ನನಗೆ.

ಬೆಳಿಗ್ಗೆ ಸ್ಕೋಕಿ ತಲುಪಿದಾಗ ಅತ್ತೆ ಇಬ್ಬರ ಕೈಗೂ ನೀರಿನ ಲೋಟ ಕೊಟ್ಟು, ಕೂತು ಕುಡಿಯಿರಿ ಎಂದರು. ಆಮೇಲೆ ನನ್ನ ಮುಖ ನೋಡಿ, "ದೂರಾನೇನಮ್ಮಾ?" ಎಂದು ಕೇಳಿದರು. ಹೊಸಲು ದಾಟುವವರನ್ನು ಎಲ್ಲಿಗೆ ಎಂದು ಕೇಳಬಾರದು ಅನ್ನುವವರ ಪೈಕಿ ಅವರು. ಕೇಳಿದರೆ ಹೋದ ಕೆಲಸ ಆಗುವುದಿಲ್ಲವಂತೆ. ನಮ್ಮಮ್ಮನೂ ಹಾಗೆಯೇ. ಇವರಂತೂ ಟಪಾಲು ತರಲು ಕೆಳಗಿಳಿದವರನ್ನೂ ಕೇಳುತ್ತಿರಲಿಲ್ಲ. ನಾನು ನಕ್ಕು, ಸ್ವಲ್ಪ ದೂರವೇ ಎಂದೆ.

ಕೆರೆಯಷ್ಟು ನೀರು ನಿಂತ ಇಂಡಿಯಾನಾದ ಹೊಲಗಳನ್ನು ದಾಟಿ, ಮಿಷಿಗನ್ ಒಳಗೆ ಹೊಕ್ಕಮೇಲೆ ಅವಳು ಗಂಡನ ವಿಷಯ ತೆಗೆದಳು. ಅವರ ಕಾಂಟ್ರಾಕ್ಟು ಮುಗಿಯುತ್ತಾ ಬಂದಿತ್ತು. ಅದೇ ಕಂಪನಿಯವರು ಟೆಕ್ಸಸ್‌ನಲ್ಲಿ ಪರ್ಮನೆಂಟ್ ಕೆಲಸ ಕೊಡುತ್ತೇವೆ, ಸೋಮವಾರದೊಳಗೆ ಉತ್ತರ ಕೊಡಿ ಎಂದಿದ್ದರಂತೆ. ಅವರು ಬೇಡ ಎನ್ನುವ ಯೋಚನೆಯಲ್ಲಿದ್ದಾರೆ ಎಂದಳು. ಯಾಕೆ ಎಂದೆ. "ನನ್ನ ಕೆಲಸ ಗಟ್ಟಿಯಾಗಿದೆಯಂತಲ್ಲ, ಅದಕ್ಕೆ," ಎಂದಳು. ನಾನೂ ದೊಡ್ಡ ತಿಳಿದವಳಂತೆ, ಸರಿಯಾಗಿಯೇ ಇದೆ, ಈ ಕಾಲದಲ್ಲಿ ಕೈಯಲ್ಲಿರುವ ಕೆಲಸ ಯಾರು ಬಿಡುತ್ತಾರೆ ಎಂದು ಉಪದೇಶ ಮಾಡಿದೆ. ಅವಳು ಕಿಟಕಿಯಾಚೆ ನೋಡತೊಡಗಿದಳು. ಕಾರಿನ ಯೋಚನೆಯಲ್ಲಿದ್ದಾಳೆ ಅಂದುಕೊಂಡೆ.

ಆ ಸ್ಟೋರೇಜು ಮೊದಲು ಒಂದು ವರ್ಕ್‌ಷಾಪ್ ಆಗಿತ್ತಂತೆ. ಕಾರ್ಖಾನೆಗಳಿಗೆ ಅಚ್ಚು ಮಾಡಿಕೊಡುತ್ತಿದ್ದ ಮುದುಕ, ಆರ್ಡರ್ ನಿಂತಮೇಲೆ ಯಂತ್ರಗಳನ್ನು ಮಾರಿ, ಬೆಚ್ಚಗಿನ ಆ ಜಾಗದಲ್ಲಿ ಚಳಿಗಾಲಕ್ಕೆ ಜನರ ಹಳೆಯ ಕಾರುಗಳನ್ನು ಇಟ್ಟುಕೊಳ್ಳುತ್ತಿದ್ದ. ಈಗ ಅದನ್ನೂ ಮಾರಿದ್ದ. ಬಾಗಿಲು ತೆರೆದವನೇ ಇವಳನ್ನು ನೋಡಿ ಮುಖ ಅರಳಿಸಿ, ನೀನಿಲ್ಲದೆ ನನಗೆ ಹೊತ್ತೇ ಹೋಗುತ್ತಿಲ್ಲ, ನಿನ್ನ ಆಫೀಸು ಹಾಗೇ ಇದೆ, ಏನೂ ಮುಟ್ಟಿಲ್ಲ ಎಂದ. ನಾನು ಅದನ್ನು ತಮಾಷೆ ಅಂದುಕೊಂಡೆ. ಅವನು ನನ್ನ ಕಡೆ ತಿರುಗಿ, ನಿನ್ನ ಗೆಳತಿಯಂಥ ಶಿಸ್ತಿನ ಹೆಂಗಸನ್ನು ನಾನು ನೋಡಿಲ್ಲ, ಇಡೀ ಚಳಿಗಾಲ ಬೆಳಿಗ್ಗೆ ಬಂದರೆ ಸಂಜೆಗೇ ಹೋಗುವುದು ಎಂದ. ಅವಳು ಅವನ ಭುಜ ತಟ್ಟಿ ಮುಂದೆ ನಡೆದಳು. ನನ್ನತ್ತ ತಿರುಗಲಿಲ್ಲ.

ಹಿಂದಿನ ಮೂಲೆಯಲ್ಲಿ ಕಾರು ನಿಂತಿತ್ತು. ಪಕ್ಕದಲ್ಲಿ ಎರಡು ಡ್ರಮ್ಮಿನ ಮೇಲೆ ಒಂದು ಹಳೆಯ ಬಾಗಿಲನ್ನು ಅಡ್ಡ ಮಲಗಿಸಿ ಮೇಜು ಮಾಡಲಾಗಿತ್ತು. ಮೇಲೆ ಟೇಬಲ್ ಲ್ಯಾಂಪು, ಪೆನ್ನುಗಳಿದ್ದ ಲೋಟ, ಸಣ್ಣ ಗಣಪತಿ, ಮತ್ತು ಕಂಪನಿಯಲ್ಲಿ ಅವಳ ಮೇಜಿನ ಮೇಲೆ ನಾನು ಕಣ್ಣಾರೆ ನೋಡಿದ್ದ ಅವಳ ಹೆಸರಿನ ಫಲಕ. ಕುರ್ಚಿಯ ಬೆನ್ನಿಗೆ ಒಂದು ಸ್ವೆಟರು. ಆಗ ನನಗೆ ಅರ್ಥವಾಯಿತು. ಆ ಕುರ್ಚಿಯಲ್ಲೇ ಕೂತೆ.

ದೀಪಾವಳಿಗೆ ಮುಂಚೆಯೇ ಅವಳ ವಿಭಾಗವನ್ನು ಮುಚ್ಚಿದ್ದರು. ಕಂಪನಿ ಕೊಟ್ಟ ಪರಿಹಾರದ ಹಣ ಸಂಬಳದಂತೆಯೇ ತಿಂಗಳು ತಿಂಗಳು ಖಾತೆಗೆ ಬರುತ್ತಿದ್ದುದರಿಂದ ಮನೆಯಲ್ಲಿ ಗೊತ್ತಾಗಿರಲಿಲ್ಲ. ಅವತ್ತು ಸಂಜೆ ಹೇಳೋಣವೆಂದು ಮನೆಗೆ ಹೋದರೆ ಅತ್ತೆ ಚಕ್ಕುಲಿ ಒತ್ತುತ್ತಿದ್ದರಂತೆ, ನಾಳೆ ಹೇಳಿದರಾಯಿತು ಎಂದುಕೊಂಡಳಂತೆ. ಬೆಳಿಗ್ಗೆ ಅಭ್ಯಾಸಬಲದಿಂದ ಸ್ನಾನ ಮಾಡಿ ಬಟ್ಟೆ ಹಾಕಿಕೊಂಡಳು. ಅತ್ತೆ ಡಬ್ಬಿ ಕಟ್ಟಿ, ನೀರು ಕೊಟ್ಟು, ಬಾಗಿಲವರೆಗೂ ಬಂದರು. ಎಲ್ಲಿಗೆ ಎಂದು ಕೇಳಲಿಲ್ಲ. ಹೊರಟುಬಿಟ್ಟಳು. ಮೇಜಿನಂಚನ್ನು ಕರ್ಚೀಫಿನಿಂದ ಒರೆಸುತ್ತಾ ಇದನ್ನೆಲ್ಲ ಹೇಳಿದಳು. ಲೈಬ್ರರಿಯಲ್ಲಿ ಕೂತರೆ ಯಾರಾದರೂ ಕನ್ನಡದವರು ನೋಡಿಬಿಡುತ್ತಾರೆಂದು ಇಲ್ಲಿಗೆ ಬರುತ್ತಿದ್ದಳಂತೆ. ಬೆಳಿಗ್ಗೆಯೆಲ್ಲ ಕೆಲಸಗಳಿಗೆ ಅಪ್ಲೈ ಮಾಡುವುದು, ಮಧ್ಯಾಹ್ನ ಎಂಜಿನ್ನು ಬಿಚ್ಚುವುದು, ತಿರುಗಿ ಜೋಡಿಸುವುದು. ಸ್ಕೋಕಿಗೆ ಬಂದಮೇಲೂ ಹಾಗೆಯೇ, ಯಾರೂ ಗುರುತಿಸದ ಊರಿನ ಲೈಬ್ರರಿಗೆ. ಕ್ಲೈಂಟ್ ಆಫೀಸೂ ಇಲ್ಲ, ಮಣ್ಣೂ ಇಲ್ಲ.

"ದಿನಾ ಯಾರಾದ್ರೂ ಕೇಳ್ಲಿ ಅಂತ ಕಾಯ್ತಿದ್ದೆ ಕಣೇ," ಎಂದಳು. "ನಾನಾಗೇ ಬಾಯಿ ಬಿಡಕ್ಕೆ ಆಗ್ಲಿಲ್ಲ."

ನನಗೆ ಅಯ್ಯೋ ಅನ್ನಿಸುವುದಕ್ಕಿಂತ ಮೊದಲು ಸಿಟ್ಟು ಬಂತು. ಇವಳಿಗೆ ಇಲ್ಲದ ಕೆಲಸವನ್ನು ನಂಬಿಕೊಂಡು, ಗಂಡ ತಮಗೆ ಸಿಕ್ಕ ಕೆಲಸಕ್ಕೆ ಎಳ್ಳುನೀರು ಬಿಡಲು ಕೂತಿದ್ದಾರೆ. ಈಗಲೇ ಫೋನ್ ಮಾಡು ಎಂದೆ. ಅವಳು ಬೇಡವೆಂಬಂತೆ ತಲೆಯಾಡಿಸಿದಳು. ಹೊರಟಮೇಲೆ ಕಲಮಜೂ ಹತ್ತಿರ ಹೆದ್ದಾರಿಯ ರೆಸ್ಟ್ ಏರಿಯಾದಲ್ಲಿ ನಿಂತಾಗ ನನ್ನ ಫೋನನ್ನೇ ಅವಳ ಕೈಗೆ ತುರುಕಿದೆ. ಕಿತ್ತಳೆ ಕಾರಿನ ಸುತ್ತ ಲಾರಿ ಡ್ರೈವರುಗಳಿಬ್ಬರು ಮೆಚ್ಚಿಕೊಂಡು ಓಡಾಡುತ್ತಿದ್ದರು. ಅವಳು ಫೋನನ್ನು ಒಂದು ಗಳಿಗೆ ಹಿಡಿದುಕೊಂಡು ವಾಪಸು ಕೊಟ್ಟಳು.

"ಇಂಥದ್ದನ್ನ ಫೋನಲ್ಲಿ ಹೇಳಕ್ಕಾಗಲ್ಲ. ಸಂಜೆ ಎದುರಿಗೆ ಕೂರಿಸ್ಕೊಂಡು ಹೇಳ್ತೀನಿ. ಸೋಮವಾರದವರೆಗೂ ಟೈಮಿದೆಯಲ್ಲ."

ಅಲ್ಲಿಂದ ಸ್ಕೋಕಿಯವರೆಗೂ ನಾನು ಅವಳ ಹಿಂದೆಯೇ ಬಂದೆ. ಎಂದೂ ವೇಗದ ಎಡಗಡೆ ಲೇನು ಬಿಡದಿದ್ದವಳು ಅವತ್ತು ಬಲಗಡೆಯ ಲೇನಿನಲ್ಲಿ, ಲಾರಿಗಳ ಹಿಂದೆ, ಐವತ್ತೈದು ಮೈಲಿಯ ಮೇಲೆ ಹೋಗಲೇ ಇಲ್ಲ. ಆ ಎಂಜಿನ್ನಿಗೆ ಅದು ಅವಮಾನ. ಮನೆ ತಲುಪುವುದನ್ನು ಆದಷ್ಟು ತಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಮುಂದೆ ಹೋಗಿ ಹಾರ್ನ್ ಮಾಡೋಣವೆನಿಸಿತು. ಆದರೆ ಅವಳ ಜಾಗದಲ್ಲಿದ್ದರೆ ನಾನು ನಡೆದುಕೊಂಡೇ ಬರುತ್ತಿದ್ದೆನೇನೋ.

ಅತ್ತೆ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಆರತಿ ಎತ್ತಿ ಕಾರನ್ನು ಬರಮಾಡಿಕೊಂಡರು. ಪಕ್ಕದ ಅಪಾರ್ಟ್‌ಮೆಂಟಿನ ಮಕ್ಕಳು ಬಂದು ನೋಡಿದರು. ನನ್ನನ್ನೂ ಊಟಕ್ಕೆ ಉಳಿಸಿಕೊಂಡರು. ಹುಳಿ ಕಲಸುತ್ತಾ ಅವಳ ಗಂಡ ಬಹಳ ಹಗುರವಾಗಿ, ಟೆಕ್ಸಸ್ ವಿಷಯ ಮುಗಿಸಿಬಿಟ್ಟೆ, ಸೋಮವಾರದವರೆಗೆ ತಲೆಯ ಮೇಲೆ ಯಾಕೆ ಹೊತ್ತುಕೊಂಡಿರಬೇಕು ಅಂತ ಮಧ್ಯಾಹ್ನವೇ ಬೇಡ ಎಂದು ಮೆಯಿಲ್ ಹಾಕಿದೆ ಎಂದರು. ಇವಳು ಅವರ ಮುಖವನ್ನು ನೋಡಿದಳು. ನಾನು ಅವಳ ಮುಖ ನೋಡಿದೆ. ಅತ್ತೆ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಅವಳು ಎದ್ದು ಹೋಗಿ ಮಜ್ಜಿಗೆ ತಂದು ಬಡಿಸಿದಳು. ಭಾನುವಾರವೂ ಹೇಳಲಿಲ್ಲ.

ಸೋಮವಾರ ನಡೆದದ್ದನ್ನು ಅವಳೇ ನನಗೆ ಫೋನಿನಲ್ಲಿ ಹೇಳಿದ್ದು. ಎಂದಿನಂತೆ ಸ್ನಾನ ಮಾಡಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಬಂದರೆ ಕಟ್ಟೆಯ ಮೇಲೆ ಡಬ್ಬಿ ಇರಲಿಲ್ಲ. ಅತ್ತೆ ಬಾಗಿಲ ಹತ್ತಿರ ಬರಿಗೈಯಲ್ಲಿ ನಿಂತಿದ್ದರು. ನೀರಿನ ಲೋಟವೂ ಇಲ್ಲ. ಇವಳು ಒಂದು ಕಾಲು ಹೊಸಲಾಚೆ ಇಟ್ಟಾಗ ಅವರು ಕೇಳಿದರು.

"ಎಲ್ಲಿಗಮ್ಮಾ?"

ಇವಳಿಗೆ ಮೊದಲು ತಾನು ಕೇಳಿಸಿಕೊಂಡದ್ದು ಸರಿಯೋ ಎಂಬ ಅನುಮಾನ. ಅತ್ತೆ ಮತ್ತೆ ಅದೇ ಮಾತು ಕೇಳಿದರು. ಇವಳು ಅಲ್ಲೇ ಕುಸಿದು ಕೂತಳು. ಅತ್ತೆಯೂ ಪಕ್ಕದಲ್ಲಿ ಕೂತು, ಡಬ್ಬಿಯ ಅನ್ನ ಯಾವತ್ತಿನಿಂದಲೋ ಅರ್ಧಕ್ಕರ್ಧ ವಾಪಸು ಬರುತ್ತಿತ್ತು, ಅಲ್ಲಿದ್ದಾಗಲೇ ಬಟ್ಟೆಗೆ ಆಫೀಸಿನ ವಾಸನೆ ಇರಲಿಲ್ಲ, ಪೆಟ್ರೋಲೋ ಆಯಿಲ್ಲೋ ಇತ್ತು, ನನಗೆ ಗೊತ್ತಾಗಲಿಲ್ಲ ಅಂದುಕೊಂಡೆಯಾ ಎಂದರಂತೆ. ಕೇಳಿದರೆ ನಿನಗೆ ಸಿಗುವ ಕೆಲಸವೂ ಸಿಗದೆ ಹೋಗಬಹುದು ಅಂತ ಬಾಯಿಗೆ ಬೀಗ ಹಾಕಿಕೊಂಡಿದ್ದೆ, ತಪ್ಪಾಯಿತು ಕಣಮ್ಮಾ ಎಂದರಂತೆ. ಸೊಸೆ ಅತ್ತಳು, ಅತ್ತೆಯೂ ಅತ್ತರು. ನನ್ನ ಹತ್ತಿರ ಇದನ್ನು ಹೇಳುವಾಗ ಮಾತ್ರ ಅವಳ ದನಿ ಒಣಗಿತ್ತು.

ಗಂಡನಿಗೆ ಆ ಮಧ್ಯಾಹ್ನ, ಅವರು ಊಟಕ್ಕೆ ಮನೆಗೆ ಬಂದಾಗ ಹೇಳಿದಳು. ಅವರು ಕೂಗಾಡಲಿಲ್ಲ. ಫೋನ್ ಹಿಡಿದುಕೊಂಡು ಬಾಲ್ಕನಿಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು, ಟೆಕ್ಸಸ್‌ನವರಿಗೆ ಫೋನ್ ಮಾಡಿದ್ದೆ, ಆ ಕೆಲಸ ಆಗಲೇ ಬೇರೆಯವರಿಗೆ ಹೋಗಿದೆಯಂತೆ ಎಂದರು. ಅಷ್ಟೇ. ಆಮೇಲೆ ಆ ಮನೆಯಲ್ಲಿ ಆ ವಿಷಯ ಎತ್ತಿದವರಿಲ್ಲ.

ಮಾತು ಎತ್ತದಿದ್ದರೂ ಅವಳು ತನಗೆ ತಾನೇ ಶಿಕ್ಷೆ ಬರೆದುಕೊಂಡಳು. ಅದೇ ತಿಂಗಳು ಕಾರನ್ನು ಮಾರಿದಳು. ಮಾರಬೇಡ, ನಮ್ಮ ಗರಾಜಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಹೇಳಿದೆ. ಕೇಳಲಿಲ್ಲ. ಕೊಂಡವನು ಸ್ಟಾರ್ಟ್ ಮಾಡಿಕೊಂಡು ಹೋಗುವಾಗ ಕಿವಿಗೊಟ್ಟು ನಿಂತಿದ್ದು, ರಸ್ತೆಯ ತಿರುವು ದಾಟಿದಮೇಲೆ, "ಸೆಕೆಂಡ್ ಗೇರ್ ಸರಿಯಾಗಿ ಹಾಕ್ತಿಲ್ಲ ಅವನು" ಎಂದಳು. ಗಂಡ ನನ್ನ ಪಕ್ಕದಲ್ಲೇ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತಿದ್ದರು.

ಅವರ ಕಾಂಟ್ರಾಕ್ಟ್ ಮುಗಿದು ಮನೆಯಲ್ಲಿ ಕೂತ ದೀರ್ಘಕಾಲ ಸಂಸಾರ ನಡೆಸಿದ್ದು ಇವಳು. ಹಳದಿ ಸ್ಕೂಲ್ ಬಸ್ ಓಡಿಸಿದಳು. ಬ್ರೇಕ್ ಎಂಜಿನಿಯರ್ ಬಸ್ ಡ್ರೈವರ್ ಆದಳಂತೆ ಎಂದು ನಮ್ಮವರು ಗುಸುಗುಸು ಮಾಡಿದರು. ಅವಳು ಎದುರಿಗೇ ಉತ್ತರ ಕೊಟ್ಟಳು, ನನ್ನ ಬಸ್ಸು ಚೆನ್ನಾಗಿ ನಿಲ್ಲುತ್ತದೆ ಎಂದಳು. ಆ ನಗು ಹೊರಗಿನವರಿಗೆ. ನನ್ನ ಜೊತೆ ಒಬ್ಬಳೇ ಇದ್ದಾಗ, ಯಾವ ಮಾತಿನಿಂದ ಶುರುವಾದರೂ ಆ ರೆಸ್ಟ್ ಏರಿಯಾಕ್ಕೆ ಬಂದು ನಿಲ್ಲುತ್ತಿದ್ದಳು. ಅವತ್ತು ನೀನು ಫೋನ್ ಕೊಟ್ಟೆ, ನಾನು ಮಾಡಲಿಲ್ಲ, ಅವರ ಬದುಕನ್ನು ಹಾಳು ಮಾಡಿದೆ ಎನ್ನುತ್ತಿದ್ದಳು. ಅವರಿಗೆ ಮತ್ತೆ ಕೆಲಸ ಸಿಕ್ಕಿತು, ಅವಳಿಗೂ ಸಣ್ಣದೊಂದು ಕಂಪನಿಯಲ್ಲಿ ಸಿಕ್ಕಿತು, ಆದರೂ ಆ ಮಾತು ಬಿಡಲಿಲ್ಲ. ಅವರು ಟಿವಿಯ ಮುಂದೆ ಸುಮ್ಮನೆ ಕೂತಿದ್ದರೂ ಇವಳಿಗೆ ಅದು ತನ್ನಿಂದಲೇ ಆದ ಮೌನ ಎನಿಸುತ್ತಿತ್ತು. ಹತ್ತಾರು ಸಲ ಸಮಾಧಾನ ಹೇಳಿ ನನಗೇ ಬೇಸರ ಬಂದಿತ್ತು.

ಕೆಲವು ವರ್ಷಗಳ ಮೇಲೆ ಅವಳಿಗೆ ಕ್ಯಾನ್ಸರ್ ಬಂತು, ಬಹಳ ದಿನ ಕಾಡದೆ ಕರೆದುಕೊಂಡು ಹೋಯಿತು. ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಕೂತಾಗ ಉಗುರುಗಳು ಬೆಳ್ಳಗೆ ಶುಭ್ರವಾಗಿದ್ದವು. ನನಗೆ ಅದನ್ನು ನೋಡಲಾಗಲಿಲ್ಲ. ನಾನು ಹೆದ್ದಾರಿಯಲ್ಲಿ ಕೈ ನಡುಗದೆ ಕಾರು ಓಡಿಸುತ್ತೇನೆಂದರೆ ಅದು ಅವಳು ಹೇಳಿಕೊಟ್ಟದ್ದು. ಪರದೇಶದಲ್ಲಿ ಗಟ್ಟಿಯಾಗಿ ನಗುವುದನ್ನು ಕಲಿಸಿದವಳೂ ಅವಳೇ. ಅದನ್ನೆಲ್ಲ ಹೇಳಿದೆ. ಅವಳು ಕಣ್ಣುಮುಚ್ಚಿಕೊಂಡೇ, "ಅವ್ರನ್ನ ಸ್ವಲ್ಪ ನೋಡ್ಕೋ. ನನ್ನಿಂದ ತುಂಬಾ ಅನುಭವಿಸಿದ್ದಾರೆ," ಎಂದಳು.

ಕ್ರಿಯೆಗಳೆಲ್ಲ ಮುಗಿದಮೇಲೆ ಒಂದು ಸಂಜೆ ಊಟ ತೆಗೆದುಕೊಂಡು ಹೋಗಿದ್ದೆ. ಅವಳ ಗಂಡ ಒಬ್ಬರೇ ಇದ್ದರು. ಅತ್ತೆಗೆ ಆ ವಯಸ್ಸಿನಲ್ಲಿ ಮೈಸೂರಿನಿಂದ ಬರಲಾಗಿರಲಿಲ್ಲ. ಅವಳು ಕೊನೆಗೆ ಹೇಳಿದ ಮಾತನ್ನು, ಅವರಿಗೆ ನೆಮ್ಮದಿಯಾಗಲಿ ಎಂದು, ಹಾಗೇ ಹೇಳಿದೆ. ಅವರು ಅನ್ನದ ಪಾತ್ರೆಯ ಮುಚ್ಚಳ ತೆಗೆದು, ತಿರುಗಿ ಮುಚ್ಚಿದರು.

"ನಾನು ಅವತ್ತು ಟೆಕ್ಸಸ್‌ಗೆ ಫೋನ್ ಮಾಡಲೇ ಇಲ್ಲ," ಎಂದರು. "ಬಾಲ್ಕನೀಲಿ ಸುಮ್ಮನೆ ನಿಂತಿದ್ದು ಒಳಗೆ ಬಂದೆ. ಆ ಕೆಲಸ ನನ್ನ ಕೈಲಿ ಆಗಲ್ಲ ಅಂತ ಮೊದಲಿಂದ್ಲೂ ಭಯ ಇತ್ತು. ಅವಳ ಕೆಲಸ ನನಗೊಂದು ನೆಪ. ಅವಳು ದಾರೀಲಿ ಫೋನ್ ಮಾಡಿ ಹೇಳಿದ್ರೂ ಬೇಡ ಅಂತಾನೇ ಬರೀತಿದ್ದೆ."

ಇದನ್ನು ಅವಳಿಗೆ ಹೇಳಿದಿರಾ ಎಂದು ಕೇಳಿದೆ.

"ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಇದ್ದೆ," ಎಂದರು.

ನಾನು ತಂದ ಪಾತ್ರೆಗಳನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ. ಪಾರ್ಕಿಂಗ್ ಲಾಟಿನಲ್ಲಿ ವ್ಯಾನಿನೊಳಗೆ ಕೂತು, ಇನ್ನೂ ಅಳಿಸಿರದ ಅವಳ ನಂಬರನ್ನು ತೆಗೆದು ನೋಡಿದೆ. ಹೇಳಬೇಕಾದ ಮಾತು ಈಗ ನನ್ನ ಬಾಯಲ್ಲಿತ್ತು, ಎರಡೇ ಎರಡು ವಾಕ್ಯ: ಅವರು ಟೆಕ್ಸಸ್‌ಗೆ ಫೋನ್ ಮಾಡಲೇ ಇಲ್ಲ ಕಣೇ. ತಪ್ಪು ನಿನ್ನದಲ್ಲ.